ಕಂಡದ್ದನ್ನು ಪ್ರಮಾಣಿಸುವ ಪಾಠ: ಮೈಸೂರಿನ ಚಿತ್ರಶಾಲೆಯೂ ಶಾಲಾ ಕಲಾಪ್ರವಾಸವೂ

ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳ ಶಾಲೆಗಳಿಗೆ ಪ್ರವಾಸವೆಂದರೆ ಬಹುಮಟ್ಟಿಗೆ ಮೈಸೂರು. ದಸರೆ ಮುಗಿದು ಚಳಿ ಕಾಲಿಟ್ಟ ಮೇಲೆ, ಪರೀಕ್ಷೆಯ ತಯಾರಿ ಬಿರುಸಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ, ನಸುಕಿನಲ್ಲೇ ಊರು ಬಿಟ್ಟ ಬಸ್ಸುಗಳು ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಕೃಷ್ಣರಾಜಸಾಗರಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ ರಾತ್ರಿ ಹಿಂದಿರುಗುವ ಕ್ರಮ ದಶಕಗಳಿಂದ ನಡೆದುಬಂದಿದೆ. ಈ ಕ್ರಮದಲ್ಲಿ ಮಕ್ಕಳು ಸಂತೋಷಪಡುವುದು ನಿಜ, ಆ ಸಂತೋಷಕ್ಕೆ ಅವರು ಅರ್ಹರೆಂಬುದೂ ನಿಜ. ಆದರೆ ಇದೇ ನಗರದಲ್ಲಿರುವ ಚಿತ್ರಶಾಲೆಗೆ ಈ ಓಟದಲ್ಲಿ ದೊರೆಯುವ ಕಾಲ ಅತ್ಯಲ್ಪ. ಎಷ್ಟೋ ಸಲ ಅದು ಸ್ಥಳಗಳ ಪಟ್ಟಿಯಲ್ಲೇ ಇರುವುದಿಲ್ಲ. ಕಲೆಗಾಗಿಯೇ ಮೀಸಲಾದ ಒಂದು ದಿನದ ಪ್ರವಾಸವನ್ನು ಪ್ರತಿಯೊಂದು ಪ್ರೌಢಶಾಲೆಯೂ ಕೈಗೊಳ್ಳಬೇಕು, ಮತ್ತು ಆ ಪ್ರವಾಸವನ್ನು ಇಂದಿನ ರೂಢಿಗಿಂತ ತೀರ ಬೇರೆ ರೀತಿಯಲ್ಲಿ ಕಟ್ಟಬೇಕು ಎಂಬುದು ಈ ಲೇಖನದ ವಾದ.

ಶಾಲಾ ಪ್ರವಾಸದ ಪರವಾಗಿ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳಲಾಗುತ್ತದೆ. ಅದರಿಂದ ತಿಳಿವಳಿಕೆ ಹೆಚ್ಚುತ್ತದೆ ಎಂಬುದು ಮೊದಲನೆಯದು, ಪಾಠದ ಬೇಸರ ಕಳೆಯುತ್ತದೆ ಎಂಬುದು ಎರಡನೆಯದು. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ನೆನೆಯದವರಿಲ್ಲ. ಆದರೆ ಅರಮನೆಯನ್ನು ಯಾರು ಕಟ್ಟಿಸಿದರು, ಯಾವ ವರ್ಷ ಮುಗಿಯಿತು ಎಂಬಂಥ ತಿಳಿವಳಿಕೆಗೆ ಬಸ್ಸು ಹತ್ತಬೇಕಾಗಿಲ್ಲ, ಪುಸ್ತಕವೇ ಸಾಕು. ಬೇಸರ ಕಳೆಯಲು ಶಾಲೆಯ ಆಟದ ಮೈದಾನವೇ ಸಾಕಾಗಬಹುದು. ಕಲಾಪ್ರವಾಸವನ್ನು ಸಮರ್ಥಿಸಬಲ್ಲ ಕಾರಣ ಇವೆರಡಕ್ಕಿಂತ ಆಳದಲ್ಲಿದೆ. ಶಾಲೆಯ ಉಳಿದ ಎಲ್ಲ ಪಾಠಗಳಲ್ಲಿಯೂ ಮಗು ಹೆಚ್ಚಾಗಿ ಬೇರೆಯವರ ಮಾತನ್ನು ನಂಬಿ ಮುಂದುವರಿಯಬೇಕಾಗುತ್ತದೆ. ಮೂಲ ಕಲಾಕೃತಿಯ ಎದುರಿಗೆ ಮಾತ್ರ, ಹೇಳಿದ ಮಾತನ್ನು ಕಣ್ಣೆದುರಿನ ವಸ್ತುವಿನೊಂದಿಗೆ ಹೋಲಿಸಿ, ಸರಿಯೋ ತಪ್ಪೋ ಎಂದು ಸ್ವತಃ ತೀರ್ಮಾನಿಸುವ ಅವಕಾಶ ಅದಕ್ಕೆ ಅಲ್ಲಿಯೇ ಒದಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಕನ್ನಡದ ಇನ್ನೊಂದು ಗಾದೆ ಹೇಳುತ್ತದೆ. ಕಲಾಪ್ರವಾಸಕ್ಕೆ ತಕ್ಕ ಗಾದೆ ಅದೇ.

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1934ರಲ್ಲಿ ಪ್ರಕಟಿಸಿದ, ಕಲೆಯನ್ನು ಅನುಭವವೆಂದು ವಿವೇಚಿಸುವ ಗ್ರಂಥದಲ್ಲಿ, ಗುರುತಿಸುವುದಕ್ಕೂ ಗ್ರಹಿಸುವುದಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಿದ್ದಾರೆ. ಒಂದು ವಸ್ತುವಿಗೆ ಈಗಾಗಲೇ ಗೊತ್ತಿರುವ ಹೆಸರನ್ನು ಅಂಟಿಸಿ ಮುಂದೆ ಸಾಗುವುದು ಗುರುತಿಸುವಿಕೆ. ಆ ಹೆಸರಿನ ಬಳಿ ನಿಲ್ಲದೆ, ವಸ್ತುವಿನ ಭಾಗಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ, ಅದನ್ನು ಮಾಡಿದವನು ಏನನ್ನು ಆರಿಸಿ ಏನನ್ನು ಬಿಟ್ಟಿದ್ದಾನೆ ಎಂಬುದನ್ನು ನೋಡುವವನು ತನ್ನೊಳಗೆ ಮತ್ತೆ ಕಟ್ಟಿಕೊಳ್ಳುವುದು ಗ್ರಹಿಕೆ. ಒಂದು ದಿನದಲ್ಲಿ ಆರೇಳು ಸ್ಥಳಗಳನ್ನು ಸುತ್ತುವ ಪ್ರವಾಸ ಗುರುತಿಸುವಿಕೆಯನ್ನಷ್ಟೇ ಕಲಿಸಬಲ್ಲದು. ಇದು ಅರಮನೆ, ಇದು ಸಿಂಹಾಸನ, ಇದು ನಂದಿ ಎಂಬ ಹೆಸರುಗಳ ಸಾಲು ಮುಗಿಯುವುದರೊಳಗೆ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಗ್ರಹಿಕೆಗೆ ಬೇಕಾದದ್ದು ಕಾಲ, ಮೌನ ಮತ್ತು ತಿರುಗಿ ತಿರುಗಿ ಅದೇ ವಸ್ತುವಿನ ಬಳಿಗೆ ಬರುವ ಅವಕಾಶ.

ಮಾತು ಬರಿಯ ತತ್ವವಾಗಿ ಉಳಿಯದಿರಲು ಮೈಸೂರಿನ ಜಗನ್ಮೋಹನ ಅರಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿಯೇ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ಒಪ್ಪಿಸುವ ಸಮಾರಂಭ ನಡೆಯಿತು. 1915ರಲ್ಲಿ ಇಲ್ಲಿ ಚಿತ್ರಶಾಲೆ ಆರಂಭವಾಗಿ, 1955ರಲ್ಲಿ ಅದಕ್ಕೆ ಶ್ರೀ ಜಯಚಾಮರಾಜೇಂದ್ರರ ಹೆಸರು ಬಂದಿತು. ಎಣ್ಣೆಬಣ್ಣದ ದೊಡ್ಡ ಕೃತಿಗಳು, ನೀರುಬಣ್ಣದ ಕೃತಿಗಳು, ಚಿನ್ನದ ರೇಕನ್ನು ಬಳಸಿದ ಮೈಸೂರು ಸಾಂಪ್ರದಾಯಿಕ ಚಿತ್ರಗಳು, ಗೋಡೆಯ ಮೇಲೆಯೇ ಬರೆದ ಭಿತ್ತಿಚಿತ್ರಗಳು ಒಂದೇ ಸೂರಿನಡಿ ದೊರೆಯುವುದರಿಂದ, ಶಾಲಾ ಮಕ್ಕಳಿಗೆ ಇದಕ್ಕಿಂತ ಅನುಕೂಲವಾದ ಪಾಠಶಾಲೆ ಸುತ್ತಿನ ಜಿಲ್ಲೆಗಳಲ್ಲಿ ಇಲ್ಲವೆಂದೇ ಹೇಳಬೇಕು.

ಈ ಚಿತ್ರಶಾಲೆಗೆ ಬರುವ ಮಗು ರಾಜಾ ರವಿವರ್ಮನನ್ನು (1848–1906) ಹೆಸರಿನಿಂದ ಅರಿಯದಿದ್ದರೂ ಚಿತ್ರದಿಂದ ಅರಿತೇ ಇರುತ್ತದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯ ಲಕ್ಷ್ಮಿ, ಸರಸ್ವತಿಯರ ಚಿತ್ರಗಳನ್ನು ಅಗ್ಗದ ಬೆಲೆಗೆ ಮನೆಮನೆಗೂ ತಲುಪಿಸಿತು. ಆ ಚಿತ್ರಗಳ ಮಾದರಿಯೇ ಮುಂದೆ ಕ್ಯಾಲೆಂಡರುಗಳಲ್ಲಿಯೂ ಅಂಗಡಿಯ ಗೋಡೆಗಳ ಮೇಲೂ ಹರಡಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಅಚ್ಚನ್ನು ಸಿದ್ಧಪಡಿಸಿ, ಒಂದರ ಮೇಲೊಂದರಂತೆ ಕಾಗದದ ಮೇಲೆ ಒತ್ತುವ ಆ ವಿಧಾನಕ್ಕೆ ಕಲ್ಲಚ್ಚು ಮುದ್ರಣವೆಂದು ಹೆಸರು. ಮನೆಯ ದೇವರ ಗೂಡಿನಲ್ಲಿ ಕಂಡ ಅಚ್ಚಿಗೂ ಚಿತ್ರಶಾಲೆಯಲ್ಲಿ ಕಾಣುವ ಮೂಲಕ್ಕೂ ಇರುವ ವ್ಯತ್ಯಾಸವನ್ನು ಹುಡುಕಿರೆಂದು ಮಕ್ಕಳಿಗೆ ಹೇಳಿದರೆ ಸಾಕು, ಒಂದು ಗಂಭೀರ ಅಧ್ಯಯನ ಆರಂಭವಾಗುತ್ತದೆ. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಆದ್ದರಿಂದ ಕಲಾವಿದ ಒಂದು ಬಣ್ಣವನ್ನು ಇನ್ನೊಂದರೊಳಗೆ ಬೆರೆಸುತ್ತ, ಬೇಡವಾದದ್ದರ ಮೇಲೆ ಮತ್ತೆ ಬಳಿಯುತ್ತ, ರೇಷ್ಮೆಯ ಹೊಳಪು, ಆಭರಣದ ಹೊಳಪು, ಚರ್ಮದ ಹೊಳಪುಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲ. ಅಚ್ಚಿನಲ್ಲಿ ಈ ಮೂರೂ ಹೊಳಪುಗಳು ಹೆಚ್ಚು ಕಡಿಮೆ ಒಂದೇ ಆಗಿಬಿಡುತ್ತವೆ. ಈ ಸಂಗತಿಯನ್ನು ಶಿಕ್ಷಕರು ಹೇಳಿದರೆ ಅದು ಮಾಹಿತಿಯಾಗಿ ಉಳಿಯುತ್ತದೆ. ಮಗುವೇ ಕಂಡುಕೊಂಡರೆ ಅದು ಅರಿವಾಗುತ್ತದೆ.

ಇದೇ ಚಿತ್ರಶಾಲೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಚಿತ್ರ ಈ ವಾದಕ್ಕೆ ಇನ್ನೂ ಬಲವಾದ ಆಧಾರ. ಎಡೆಬಿಡದೆ ಜನ ಬಂದು ನೋಡುವ ಈ ಕೃತಿ ರವಿವರ್ಮನದೆಂದು ನಂಬಿದವರು ಬಹಳ. ಅದು ಎಣ್ಣೆಬಣ್ಣದ್ದೆಂದು ಭಾವಿಸಿದವರು ಇನ್ನೂ ಬಹಳ. ಎರಡೂ ತಪ್ಪು. ಅದನ್ನು ರಚಿಸಿದವರು ಮಹಾರಾಷ್ಟ್ರದ ಕಲಾವಿದ ಎಸ್.ಎಲ್. ಹಲ್ದಣಕರ್ (1882–1968), ರಚನೆಯ ಕಾಲ 1945–46, ಅಂದರೆ ರವಿವರ್ಮ ತೀರಿಕೊಂಡು ಸುಮಾರು ನಾಲ್ಕು ದಶಕಗಳು ಸಂದ ಮೇಲೆ, ರೂಪದರ್ಶಿಯಾಗಿ ನಿಂತವರು ಕಲಾವಿದರ ಮಗಳು, ಬಳಸಿದ ಮಾಧ್ಯಮ ನೀರುಬಣ್ಣ. ಎಡಗೈಯೋ ಬಲಗೈಯೋ, ದೀಪ ಎಲ್ಲಿದೆ, ಜ್ವಾಲೆ ಕಾಣುತ್ತಿದೆಯೋ ಇಲ್ಲವೋ, ಬೆಳಕು ಮೊದಲು ಯಾವುದರ ಮೇಲೆ ಬೀಳುತ್ತದೆ ಎಂದು ಮಕ್ಕಳು ಸಾವಧಾನವಾಗಿ ಹುಡುಕತೊಡಗಿದರೆ, ಜ್ವಾಲೆಗೆ ಮರೆಯಾದ ಬೆರಳುಗಳು ಬೆಳಕು ತೂರಿ ಕೆಂಪಾಗಿರುವುದೂ, ಆ ಬೆಳಕು ಅಲ್ಲಿಂದ ಮುಖಕ್ಕೂ ಸೀರೆಯ ನೆರಿಗೆಗಳಿಗೂ ಹಂತ ಹಂತವಾಗಿ ಕಡಿಮೆಯಾಗುತ್ತ ಹರಡಿರುವುದೂ ಅವರಿಗೆ ಕಾಣುತ್ತದೆ.

ನೀರುಬಣ್ಣದಲ್ಲಿ ಈ ಬೆಳಕನ್ನು ತರುವುದು ಎಷ್ಟು ಕಠಿಣವೆಂಬುದನ್ನು ವಿವರಿಸಿದರೆ ಬೆರಗು ಇಮ್ಮಡಿಯಾಗುತ್ತದೆ. ಸಾಂಪ್ರದಾಯಿಕ ನೀರುಬಣ್ಣದ ಕ್ರಮದಲ್ಲಿ ಬಿಳಿಯ ಬಣ್ಣವನ್ನು ಮೇಲೆ ಬಳಿಯುವುದಿಲ್ಲ; ಕಾಗದದ ಬಿಳುಪೇ ಬೆಳಕಾಗಬೇಕು. ಆದ್ದರಿಂದ ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತಾಗದಂತೆ, ಅಥವಾ ತೀರ ತೆಳುವಾಗಿ ತಾಗುವಂತೆ, ಮೊದಲಿನಿಂದಲೇ ಯೋಚಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಒಮ್ಮೆ ಗಾಢವಾದ ಜಾಗವನ್ನು ಮತ್ತೆ ತಿಳಿಯಾಗಿಸುವುದು ಬಹಳ ಕಷ್ಟ. ಶಾಲೆಯಲ್ಲಿ ನೀರುಬಣ್ಣದ ಪೆಟ್ಟಿಗೆಯನ್ನು ಹಿಡಿದು, ಬಣ್ಣ ಹರಿದು ಕಾಗದ ಕೆಟ್ಟದ್ದನ್ನು ಕಂಡಿರುವ ಮಗುವಿಗೆ ಈ ಮಾತು ಯಾವ ದೊಡ್ಡ ವಿಮರ್ಶಕನಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಜನಪ್ರಿಯವಾದ ಒಂದು ನಂಬಿಕೆ ತಪ್ಪಾಗಿರಬಹುದು, ಅದನ್ನು ಕಾಲದ ಲೆಕ್ಕದಿಂದಲೂ ಕೃತಿಯ ಮೈಯಿಂದಲೂ ಪರೀಕ್ಷಿಸಬಹುದು ಎಂಬ ಅರಿವು ಹದಿಮೂರು ವರ್ಷದ ಮಗುವಿಗೆ ಒಂದು ಚಿತ್ರದ ಎದುರಿನಲ್ಲಿ ದೊರೆತರೆ, ಅದು ಇತಿಹಾಸದ ಪಾಠಕ್ಕೂ ವಿಜ್ಞಾನದ ಪಾಠಕ್ಕೂ ಪೌರಜೀವನಕ್ಕೂ ಉಪಯೋಗವಾಗುವ ಅರಿವು.

ಮೈಸೂರು ಸಾಂಪ್ರದಾಯಿಕ ಚಿತ್ರಗಳು ಬೇರೊಂದು ಪಾಠವನ್ನು ಕಲಿಸುತ್ತವೆ. ಬಿಳಿಯ ಪುಡಿಯನ್ನು ಅಂಟಿನೊಡನೆ ಕಲಸಿ, ಆಭರಣ, ಕಿರೀಟ, ಕಂಬದ ಅಲಂಕಾರಗಳಿರುವ ಕಡೆ ಕುಂಚದಿಂದ ತೆಳುವಾಗಿ ಉಬ್ಬಿಸಿ, ಅದರ ಮೇಲೆ ಅಪ್ಪಟ ಚಿನ್ನದ ರೇಕನ್ನು ಕೂರಿಸುವ ಕ್ರಮವನ್ನು ಗೆಸ್ಸೊ ಕೆಲಸವೆಂದು ಕಲಾವಿದರು ಕರೆಯುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನವುಗಳಲ್ಲಿ ಅದು ಬಹಳ ತೆಳು. ಈ ತೆಳುವಾದ ಉಬ್ಬು ಯಾವ ಛಾಯಾಚಿತ್ರದಲ್ಲಿಯೂ ಸರಿಯಾಗಿ ಕಾಣುವುದಿಲ್ಲ. ನೋಡುವವರು ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿದಂತೆ ಚಿನ್ನ ಹೊಳೆದು, ಮಂಕಾಗಿ, ಮತ್ತೆ ಹೊಳೆಯುವುದನ್ನು ಎದುರಿಗೆ ನಿಂತೇ ಕಾಣಬೇಕು. ಮಂಗಳಾರತಿಯ ಅಲುಗುವ ಬೆಳಕಿನಲ್ಲಿ ನೋಡಲೆಂದು ಮಾಡಿದ ದೇವರ ಚಿತ್ರದಲ್ಲಿ ಚಿನ್ನಕ್ಕೆ ಬೆಲೆಯ ಹೊರತಾದ ಕೆಲಸವೂ ಇತ್ತೆಂಬುದು ಆಗ ತಾನಾಗಿ ಹೊಳೆಯುತ್ತದೆ. ಇದೇ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಯ ಮೇಲೆ ಒಡೆಯರ ವಂಶಾವಳಿಯನ್ನು ತಾವರೆಯ ಆಕಾರದಲ್ಲಿ ಹರಡಿ ತೋರಿಸುವ ‘ಸಂತಾನಾಂಬುಜ’ವಿದೆ, ವಂಶದ ವಿವರವನ್ನು ಪಟ್ಟಿಯಾಗಿ ಬರೆಯದೆ ಹೂವಾಗಿ ಬರೆದದ್ದೇಕೆ ಎಂಬ ಒಂದು ಪ್ರಶ್ನೆಯೇ ಅರ್ಧ ಗಂಟೆಯ ಚರ್ಚೆಗೆ ಸಾಕು.

ಹೀಗೆ ಒಂದೇ ಕಟ್ಟಡದಲ್ಲಿ ಎಣ್ಣೆ, ನೀರು, ಚಿನ್ನ ಎಂಬ ಮೂರು ಮಾಧ್ಯಮಗಳು ಬೆಳಕೆಂಬ ಒಂದೇ ಸಮಸ್ಯೆಯನ್ನು ಮೂರು ರೀತಿಯಲ್ಲಿ ಬಿಡಿಸಿರುವುದನ್ನು ನೋಡುವುದಾದರೆ, ಅದಕ್ಕೆ ನಾಲ್ಕೈದು ಕೃತಿಗಳು ಸಾಕು. ಉಳಿದ ನೂರಾರು ಕೃತಿಗಳನ್ನು ಬಿಟ್ಟುಬರುವುದು ನಷ್ಟವೆಂದು ಶಿಕ್ಷಕರಿಗೆ ಅನ್ನಿಸುವುದು ಸಹಜ. ಆದರೆ ಐದನ್ನು ಚೆನ್ನಾಗಿ ನೋಡಿದ ಮಗುವಿಗೆ ಆರನೆಯದನ್ನು ತಾನೇ ನೋಡುವ ದಾರಿ ತೆರೆಯುತ್ತದೆ. ಐನೂರನ್ನು ಹಾಯ್ದುಬಂದ ಮಗುವಿಗೆ ಕಾಲುನೋವು ಮಾತ್ರ ನೆನಪಿರುತ್ತದೆ.

ನೋಡುವುದನ್ನು ಕಲಿಸುವ ಅತ್ಯಂತ ಹಳೆಯ, ಅತ್ಯಂತ ಅಗ್ಗದ ಸಾಧನವೆಂದರೆ ಪೆನ್ಸಿಲ್. ಶಾಂತಿನಿಕೇತನದಲ್ಲಿ 1919ರಲ್ಲಿ ಆರಂಭವಾದ ಕಲಾಭವನದಲ್ಲಿ ನಂದಲಾಲ್ ಬೋಸರು ವಿದ್ಯಾರ್ಥಿಗಳನ್ನು ಕೊಠಡಿಯ ಹೊರಗೆ ಕರೆದೊಯ್ದು ಚಿತ್ರಿಸಲು ಹಚ್ಚುತ್ತಿದ್ದರು. ತಾವೂ ಹೋದಲ್ಲೆಲ್ಲ ಅಂಚೆಕಾರ್ಡುಗಳ ಮೇಲೆ ಸಣ್ಣ ಚಿತ್ರಗಳನ್ನು ಬರೆದು ಆಪ್ತರಿಗೆ ಕಳಿಸುತ್ತಿದ್ದರು. ಇಲ್ಲಿ ಚಿತ್ರಿಸುವುದು ಪ್ರತಿಭೆಯ ಪ್ರದರ್ಶನವಾಗಿರಬೇಕಾಗಿಲ್ಲ. ಒಂದು ಕೈಯ ಐದು ಬೆರಳುಗಳನ್ನು ಬರೆಯಹೊರಟ ಮಗು, ಹೆಬ್ಬೆರಳು ಎಲ್ಲಿ ಮರೆಯಾಗಿದೆ ಎಂದು ತಿಳಿಯಲು ಮೂಲವನ್ನು ಹತ್ತು ಸಲ ನೋಡಲೇಬೇಕು. ಬರೆದ ಗೆರೆ ಸೊಟ್ಟಗಾದರೂ ನೋಡಿದ ನೋಟ ನೇರವಾಗಿರುತ್ತದೆ. ರಾಜ್ಯದಲ್ಲಿ ನಡೆಯುವ ಚಿತ್ರಕಲೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳು ಎಷ್ಟೋ ಮಕ್ಕಳನ್ನು ಕಲೆಯ ಕಡೆಗೆ ಸೆಳೆದಿವೆ, ಆದರೆ ಅಚ್ಚುಕಟ್ಟಾಗಿ ಮುಗಿಸಿದ ಹಾಳೆಗೇ ಅಂಕ ದೊರೆಯುವ ಪರೀಕ್ಷೆಯ ಸ್ವಭಾವದಿಂದಾಗಿ, ಚಿತ್ರ ಬರೆಯುವುದು ಕೆಲವರಿಗಷ್ಟೇ ಒಲಿಯುವ ವಿದ್ಯೆಯೆಂಬ ಭಾವನೆಯೂ ಬಲಗೊಂಡಿದೆ. ಚಿತ್ರಶಾಲೆಯಲ್ಲಿ ಬರೆದ ಹಾಳೆಗೆ ಅಂಕವನ್ನು ಕೊಡಲೇಬಾರದು.

ಚಿತ್ರಶಾಲೆಯಿಂದ ಹೊರಬಂದರೆ ನಗರವೇ ಎರಡನೆಯ ಪಾಠ. ನಗರದ ಮುಖ್ಯ ಅರಮನೆಯ ಮರದ ಹಳೆಯ ಕಟ್ಟಡ 1897ರ ಬೆಂಕಿಯಲ್ಲಿ ನಾಶವಾದುದರಿಂದ, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ನೆಚ್ಚಿ 1912ರಲ್ಲಿ ಮುಗಿಯಿತು. ಗುಮ್ಮಟ, ಕಮಾನು, ಹಿಂದೂ ದೇಗುಲದ ಅಲಂಕಾರ, ಯುರೋಪಿನ ಕಟ್ಟಡತಂತ್ರಗಳನ್ನು ಕೂಡಿಸಿದ ಈ ಬಗೆಗೆ ಇಂಡೋ–ಸಾರ್ಸೆನಿಕ್ ಶೈಲಿಯೆಂದು ಹೆಸರು. ಅದರ ಕಲ್ಯಾಣಮಂಟಪದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕಗೊಂಡು ಬಂದವು. ಮೇಲ್ಛಾವಣಿಯ ಬಣ್ಣದ ಗಾಜಿನಲ್ಲಿ ಹರಡಿರುವುದು ಈ ನೆಲದ ನವಿಲು. ಅದೇ ಮಂಟಪದ ಗೋಡೆಗಳ ಮೇಲೆ, ಛಾಯಾಚಿತ್ರಗಳನ್ನು ಆಧರಿಸಿ, 1934ರಿಂದ 1945ರವರೆಗೆ ಮೈಸೂರಿನ ಕಲಾವಿದರು ರಚಿಸಿದ ದಸರಾ ಮೆರವಣಿಗೆಯ 26 ಫಲಕಗಳಿವೆ. ಈ ಫಲಕಗಳಲ್ಲಿ ಅರಸರನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಆನೆಯ ಪಕ್ಕದಲ್ಲಿ ನಡೆಯುವವರು, ವಾದ್ಯ ನುಡಿಸುವವರು, ಬೀದಿಯ ಬದಿಯಲ್ಲಿ ನಿಂತವರು ಏನನ್ನು ತೊಟ್ಟಿದ್ದಾರೆ, ಏನನ್ನು ಹಿಡಿದಿದ್ದಾರೆ ಎಂದು ನೋಡಿದರೆ, ಒಂದು ಊರಿನ ಸಾಮಾಜಿಕ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಅರಮನೆಯ ಸಮೀಪದಲ್ಲೇ ಇರುವ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ನಿಲ್ಲಿಸಿದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಅದರ ಕೆಳಗೆ ಹಾದುಹೋಗುವ ಸಾವಿರಾರು ಜನರಲ್ಲಿ ಆ ಅಂಕಿಗಳನ್ನು ಗಮನಿಸಿದವರು ಎಷ್ಟು ಮಂದಿ ಎಂಬುದು ಮಕ್ಕಳೇ ಕೇಳಿ ತಿಳಿಯಬಹುದಾದ ಪ್ರಶ್ನೆ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಅರಮನೆಯ ಕಲೆ ಅರಸರ ಕಲೆ. ಕಬ್ಬಿನ ಗದ್ದೆಯಲ್ಲಿ ದುಡಿಯುವವರ, ನೇಕಾರರ, ಕೂಲಿಯವರ ಮಕ್ಕಳನ್ನು ತಂದು ಅದರ ಮುಂದೆ ನಿಲ್ಲಿಸಿದರೆ, ಸೌಂದರ್ಯವೆಂಬುದು ಬೇರೆ ಯಾರದೋ ಮನೆಯಲ್ಲಿರುವ ವಸ್ತುವೆಂಬ ಭಾವನೆ ಅವರಲ್ಲಿ ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ತಿರುಳಿದೆ. ಮಾರ್ಗದರ್ಶಿಯ ಮಾತು ಚಿನ್ನದ ತೂಕ, ಖರ್ಚಾದ ಹಣ, ಅರಸರ ವೈಭವಗಳಲ್ಲಿಯೇ ಸುತ್ತುತ್ತಿದ್ದರೆ ಆ ಅಪಾಯ ಖಂಡಿತ ಇದೆ. ಆದರೆ ಅರಮನೆಯನ್ನು ಕಟ್ಟಿಸಿದವರು ಅರಸರಾದರೆ, ಕಟ್ಟಿದವರು ಕಲ್ಲುಕುಟಿಗರು, ಬಡಗಿಗಳು, ಗಾರೆಯವರು, ಬೀಟೆಯ ಮರದಲ್ಲಿ ದಂತವನ್ನು ಕೂರಿಸಿದ ಕುಶಲಿಗಳು. ಬಾಗಿಲಿನ ಒಂದು ಹೂವಿನ ಕೆತ್ತನೆಯನ್ನು ಬರೆದುಕೊಳ್ಳುವ ಮಗು ಅರಸರ ಸಂಪತ್ತಿಗಿಂತ ಹೆಚ್ಚಾಗಿ ಒಬ್ಬ ದುಡಿಮೆಗಾರನ ಕೈಯನ್ನು ಹಿಂಬಾಲಿಸುತ್ತಿರುತ್ತದೆ.

ಈ ಆಕ್ಷೇಪಕ್ಕೆ ಪೂರ್ಣವಾದ ಉತ್ತರ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮಿ ವಿಲಾಸದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ. 1968ರಲ್ಲಿ ರೂಪುಗೊಂಡ ಈ ಸಂಗ್ರಹದ ಹಿಂದೆ ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರೊಡನೆ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆಯೂ ಇದೆ. ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ, ಯಕ್ಷಗಾನದ ವೇಷಭೂಷಣಗಳ ಜೊತೆಗೆ ಹಳ್ಳಿಯ ಮನೆಗಳ ಪಾತ್ರೆ, ಕೃಷಿಯ ಉಪಕರಣಗಳೂ ಇಲ್ಲಿ ಪ್ರದರ್ಶಿತವಾಗಿವೆ. ಅಜ್ಜಿಯ ಮನೆಯ ಅಟ್ಟದಲ್ಲಿ ಕಂಡ ಸೇರು, ಪಾವುಗಳಂಥ ವಸ್ತುಗಳನ್ನು ಅರಮನೆಯಂಥ ಕಟ್ಟಡದಲ್ಲಿ ಕಂಡ ಮಗುವಿನಲ್ಲಿ, ಯಾವುದು ಕಲೆ, ಯಾವುದು ಬರಿಯ ಬಳಕೆಯ ವಸ್ತು, ಆ ಗೆರೆಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆ ಹುಟ್ಟದಿರಲಾರದು. ಬೆಳಗ್ಗೆ ಚಿತ್ರಶಾಲೆ, ಮಧ್ಯಾಹ್ನ ಜಾನಪದ ಸಂಗ್ರಹ ಎಂಬ ಜೋಡಣೆಯೇ ಆದ್ದರಿಂದ ಒಂದು ವಾದದಂತೆ ಕೆಲಸ ಮಾಡುತ್ತದೆ. ಹಳೆಯ ಕಟ್ಟಡಕ್ಕೆ ದುರಸ್ತಿ ಬೇಕಾಗುತ್ತಿರುವುದರಿಂದ, ಯಾವ ಭಾಗ ತೆರೆದಿದೆಯೆಂದು ಶಾಲೆಯವರು ಮೊದಲೇ ವಿಚಾರಿಸಿಕೊಳ್ಳಬೇಕಾದದ್ದು ಅಗತ್ಯ.

ತಿರುಮಕೂಡಲು ನರಸೀಪುರ, ಮಳವಳ್ಳಿ, ಕೊಳ್ಳೇಗಾಲಗಳ ಕಡೆಯ ಶಾಲೆಗಳಿಗೆ ಸೋಮನಾಥಪುರ ಹತ್ತಿರ. ಹದಿಮೂರನೆಯ ಶತಮಾನದ ಅಲ್ಲಿಯ ಕೇಶವ ದೇವಾಲಯ, ಬೇಲೂರು ಮತ್ತು ಹಳೇಬೀಡುಗಳ ಹೊಯ್ಸಳ ದೇವಾಲಯಗಳೊಡನೆ 2023ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಹಲವು ಶಿಲ್ಪಗಳ ಪೀಠದಲ್ಲಿ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳ ಹೆಸರುಗಳನ್ನು ಕೆತ್ತಲಾಗಿದೆ. ಭಾರತದ ಹಳೆಯ ಕಲಾವಿದರೆಲ್ಲ ಹೆಸರಿಲ್ಲದವರೆಂಬ ಮಾತನ್ನು ಪುಸ್ತಕದಲ್ಲಿ ಓದಿದ ಮಕ್ಕಳು, ಆ ಹೆಸರುಗಳನ್ನು ತಾವೇ ಹುಡುಕಿ ಕಂಡಾಗ, ಕೇಳಿದ್ದನ್ನು ಕಂಡದ್ದರಿಂದ ತಿದ್ದಿಕೊಳ್ಳುವ ಕೆಲಸ ಮತ್ತೊಮ್ಮೆ ನಡೆಯುತ್ತದೆ.

ಎಲ್ಲ ಚಿತ್ರಗಳೂ ಮೊಬೈಲಿನಲ್ಲಿ ದೊರೆಯುವ ಕಾಲದಲ್ಲಿ ಪ್ರಯಾಣವೇಕೆ ಎಂಬ ಪ್ರಶ್ನೆಯೂ ಇದೆ. ಮೊಬೈಲಿನ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ: ಪ್ರವಾಸಕ್ಕೆ ಮುಂಚೆ ಪರಿಚಯ ಮಾಡಿಕೊಳ್ಳಲು, ಬಂದ ಮೇಲೆ ನೆನಪು ಮಾಡಿಕೊಳ್ಳಲು, ದೂರದ ದೇಶದ ಕೃತಿಗಳನ್ನು ಹೋಲಿಸಲು ಅದು ಒಳ್ಳೆಯ ಸಾಧನ. ಆದರೆ ಆಳೆತ್ತರದ ಕೃತಿಯೂ ಅಂಗೈಯಗಲದ ಕೃತಿಯೂ ಆ ಪರದೆಯ ಮೇಲೆ ಒಂದೇ ಗಾತ್ರಕ್ಕೆ ಇಳಿಯುತ್ತವೆ, ಎಣ್ಣೆ, ನೀರು, ಚಿನ್ನಗಳು ಒಂದೇ ಗಾಜಿನ ಹೊಳಪನ್ನು ಪಡೆಯುತ್ತವೆ. ಪರದೆಯ ಮೇಲೆ ಚಿತ್ರದ ವಿಷಯ ಉಳಿಯುತ್ತದೆ, ಅದನ್ನು ಮಾಡಿದ ಕೆಲಸ ಅಳಿಯುತ್ತದೆ. ಯಂತ್ರಗಳು ಕ್ಷಣಮಾತ್ರದಲ್ಲಿ ಯಾವ ಚಿತ್ರವನ್ನು ಬೇಕಾದರೂ ಹುಟ್ಟಿಸಿ ಕೊಡುವ ಈ ದಿನಗಳಲ್ಲಿ, ಮನುಷ್ಯರ ಕೈ ಒಂದು ಮೇಲ್ಮೈಯ ಮೇಲೆ ಬಿಟ್ಟುಹೋದ ಗುರುತನ್ನು ಓದಬಲ್ಲ ಕಣ್ಣು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ.

ಹಣ, ಕಾಲ, ಪರೀಕ್ಷೆಗಳ ಒತ್ತಡವನ್ನು ಹೇಳುವವರ ಮಾತೂ ತಳ್ಳಿಹಾಕುವಂಥದಲ್ಲ. ಆದರೆ ಇಂಥ ಪ್ರವಾಸದ ಫಲವನ್ನು ಅಳೆದು ನೋಡಿದ ಒಂದು ಅಧ್ಯಯನವಿದೆ. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಜಸ್ ಎಂಬ ಕಲಾ ಸಂಗ್ರಹಾಲಯ ಆರಂಭವಾದಾಗ, ಭೇಟಿ ಬಯಸಿದ ಶಾಲೆಗಳು ಅವಕಾಶಕ್ಕಿಂತ ಹೆಚ್ಚಾದವು; ಚೀಟಿ ಎತ್ತಿ ಆರಿಸಲಾಯಿತು. ಇದರಿಂದ ಹೋದ ಮಕ್ಕಳನ್ನೂ ಇನ್ನೂ ಹೋಗದ ಮಕ್ಕಳನ್ನೂ ನ್ಯಾಯವಾಗಿ ಹೋಲಿಸಲು ಸಂಶೋಧಕರಿಗೆ ಸಾಧ್ಯವಾಯಿತು. 123 ಶಾಲೆಗಳ ಸುಮಾರು 11,000 ಮಕ್ಕಳನ್ನು ಒಳಗೊಂಡ ಆ ಅಧ್ಯಯನದಲ್ಲಿ, ಭೇಟಿಗೆ ಹೋದ ಮಕ್ಕಳು ಮೊದಲು ಕಂಡಿರದ ಚಿತ್ರವೊಂದರ ಬಗ್ಗೆ ಹೆಚ್ಚು ಆಧಾರ ಕೊಟ್ಟು ಬರೆದರು. ಹಿಂದಿನ ಕಾಲದ ಜನರ ಸ್ಥಿತಿಯನ್ನು ಊಹಿಸಿಕೊಳ್ಳುವ ಶಕ್ತಿಯೂ ಅವರಲ್ಲಿ ಹೆಚ್ಚಿತ್ತು. ಹಳ್ಳಿಗಾಡಿನ ಮತ್ತು ಬಡ ಶಾಲೆಗಳ ಮಕ್ಕಳಲ್ಲಿ ಈ ಪರಿಣಾಮ ಇನ್ನೂ ದೊಡ್ಡದಾಗಿತ್ತು. ಆ ಭೇಟಿಗಳಲ್ಲಿ ಮಕ್ಕಳು ನೋಡಿ ಚರ್ಚಿಸಿದ್ದು ಸಾಮಾನ್ಯವಾಗಿ ಐದು ಚಿತ್ರಗಳನ್ನು ಮಾತ್ರ, ಮತ್ತು ಅವರಿಗೆ ದೊರೆತದ್ದು ಮಾಹಿತಿಗಿಂತ ಹೆಚ್ಚಾಗಿ ಮಾತನಾಡುವ ಅವಕಾಶ. ಬೇರೆ ದೇಶದ ಫಲಿತಾಂಶವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೂ ಮನೆಯವರೊಡನೆ ಚಿತ್ರಶಾಲೆಗೆ ಹೋಗುವ ಅವಕಾಶ ಯಾರಿಗೆ ಕಡಿಮೆಯೋ ಅವರಿಗೇ ಶಾಲೆಯ ಪ್ರವಾಸದಿಂದ ಲಾಭ ಹೆಚ್ಚೆಂಬುದು ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಅನ್ವಯಿಸುವ ಮಾತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣಕ್ಕೆ ಶಾಲೆಯಲ್ಲಿ ಖಚಿತವಾದ ಸ್ಥಾನವನ್ನು ಕೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ಪಾಠಗಳೊಡನೆ ಬೆರೆಸಬೇಕೆಂದು ಹೇಳಿತು. ಆದರೆ ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಅವರ ನೇಮಕವಾಗುವವರೆಗೆ ಕನ್ನಡದ, ಸಮಾಜದ, ವಿಜ್ಞಾನದ ಶಿಕ್ಷಕರೂ ಈ ಪ್ರವಾಸವನ್ನು ನಡೆಸಬಲ್ಲರು; ಆದರೆ ನೇಮಕವನ್ನು ಸರ್ಕಾರ ಮುಂದೂಡುವುದಕ್ಕೆ ಇದು ನೆಪವಾಗಬಾರದು. ಪ್ರವಾಸ ನಡೆಸುವ ಶಿಕ್ಷಕರು ಕೇಳಬೇಕಾದ ಪ್ರಶ್ನೆಗಳು ಮೂರೇ: ಏನು ಕಾಣುತ್ತಿದೆ, ಹಾಗೆಂದು ಹೇಳಲು ಚಿತ್ರದಲ್ಲಿ ಆಧಾರವೆಲ್ಲಿದೆ, ಇನ್ನೇನು ಕಾಣುತ್ತಿದೆ. ಪ್ರವಾಸಕ್ಕೆ ಒಂದು ವಾರ ಮುಂಚೆ ಮಕ್ಕಳು ಸ್ವತಃ ನೀರುಬಣ್ಣ ಹಿಡಿದು ಬೆಳಕನ್ನು ಉಳಿಸಲು ಪ್ರಯತ್ನಿಸಿರಬೇಕು. ಚಿತ್ರಶಾಲೆಯಲ್ಲಿ ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ಒಂದು ಕೃತಿಯ ಎದುರು ಕನಿಷ್ಠ ಇಪ್ಪತ್ತು ನಿಮಿಷ ಕೊಡಬೇಕು. ಹಿಂದಿರುಗಿದ ಮೇಲೆ ‘ನಮ್ಮ ಪ್ರವಾಸ’ ಎಂಬ ಎಂದಿನ ಪ್ರಬಂಧದ ಬದಲು, ಒಬ್ಬೊಬ್ಬರೂ ತಾವು ನೋಡಿದ ಒಂದೇ ಕೃತಿಯನ್ನು ಕುರಿತು, ಅದನ್ನು ಕಂಡಿರದ ಗೆಳೆಯರಿಗೆ ಕಣ್ಣಿಗೆ ಕಟ್ಟುವಂತೆ ಬರೆಯಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ; ಬಿಡಬೇಕಾದದ್ದು ಸ್ಥಳಗಳ ಸಂಖ್ಯೆಯ ಮೋಹವನ್ನು.

ಸಂಗ್ರಹಾಲಯಗಳ ಹೊಣೆಯೂ ಸಣ್ಣದಲ್ಲ. ಕೃತಿಯ ಹೆಸರು, ಕಲಾವಿದ, ಕಾಲ, ಮಾಧ್ಯಮಗಳನ್ನು ತಿಳಿಯಾದ ಕನ್ನಡದಲ್ಲಿ, ಮಗುವಿನ ಕಣ್ಣಿನ ಎತ್ತರದಲ್ಲಿ ಬರೆದ ಫಲಕ, ನೆಲದ ಮೇಲೆ ಕುಳಿತು ಪೆನ್ಸಿಲಿನಲ್ಲಿ ಬರೆಯಲು ಅನುಮತಿ, ಶಾಲೆಗಳಿಗಾಗಿಯೇ ವಾರದಲ್ಲಿ ಒಂದು ಬೆಳಗ್ಗೆ, ಮುಂದೆ ನಡೆಯಿರೆಂದು ಅವಸರಪಡಿಸದ ಕಾವಲುಗಾರರು ಇಷ್ಟಿದ್ದರೆ ಸಾಕು. ನಗರದಲ್ಲಿಯೇ ಇರುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಆ ದಿನಗಳಲ್ಲಿ ಶಾಲಾ ಮಕ್ಕಳ ಜೊತೆಗೆ ಕುಳಿತು ಬರೆಯುವಂತಾದರೆ, ಇಬ್ಬರಿಗೂ ಅದು ಶಿಕ್ಷಣವಾಗುತ್ತದೆ.

ಈ ಪ್ರವಾಸದ ಫಲ ಕಲೆಯ ಅಭಿರುಚಿಯಷ್ಟರಲ್ಲೇ ನಿಲ್ಲದೆ, ನಗರದ ಹಳೆಯ ಕಟ್ಟಡಗಳ ಬಗ್ಗೆ ನಾಗರಿಕರು ಕೈಗೊಳ್ಳುವ ತೀರ್ಮಾನಗಳಿಗೂ ಹರಡುತ್ತದೆ. ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಅವುಗಳನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಇಂಥ ವಾದಗಳಲ್ಲಿ ಎಂಜಿನಿಯರುಗಳೂ ವ್ಯಾಪಾರಿಗಳೂ ಇತಿಹಾಸಕಾರರೂ ತಮ್ಮ ತಮ್ಮ ಮಾತನ್ನು ಹೇಳುತ್ತಾರೆ, ಹೇಳಲೇಬೇಕು; ಆದರೆ ಒಂದು ಕಟ್ಟಡದ ಅಳಿವು ಉಳಿವುಗಳು ಕಡೆಗೆ ನಿಂತಿರುವುದು, ಅದನ್ನು ಒಮ್ಮೆಯಾದರೂ ನಿಂತು ನೋಡಿದ ನಾಗರಿಕರು ಎಷ್ಟಿದ್ದಾರೆ ಎಂಬುದರ ಮೇಲೆ. ಕಮಾನುಗಳ ಸಾಲನ್ನು ಎಣಿಸಿ ಬರೆದ ಮಕ್ಕಳು ಬೆಳೆದ ಮೇಲೆ ಅದನ್ನು ಉಳಿಸಿ ಎಂದೇ ಹೇಳಬೇಕೆಂದಿಲ್ಲ. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದೇ ಅವರು ತೀರ್ಮಾನಿಸುತ್ತಾರೆ. ಕೇಳಿದ್ದನ್ನು ಕಂಡದ್ದರೊಡನೆ ಹೋಲಿಸಿ, ಕಂಡದ್ದನ್ನೂ ಪ್ರಮಾಣಿಸಿ ನೋಡಿ, ಆಧಾರವಿದ್ದಷ್ಟನ್ನೇ ಹೇಳುವ ಶಿಸ್ತು ಪ್ರಜಾಪ್ರಭುತ್ವದ ಮೊದಲ ಅಗತ್ಯ. ಅದನ್ನು ಭಾಷಣದಿಂದ ಕಲಿಸಲಾಗದು, ಒಂದು ಚಿತ್ರದ ಎದುರು ಇಪ್ಪತ್ತು ನಿಮಿಷ ಕೂರಿಸಿ ಕಲಿಸಬಹುದು. ಶಿಕ್ಷಣ ಇಲಾಖೆ, ಶಾಲೆ, ಸಂಗ್ರಹಾಲಯಗಳು ಕೂಡಿ ವರ್ಷಕ್ಕೆ ಒಂದು ದಿನವನ್ನು ಇದಕ್ಕಾಗಿ ಎತ್ತಿಡಲಾಗದಷ್ಟು ಈ ನಾಡು ಬಡವಾಗಿಲ್ಲ.